ಇ-ಬರ್ಡ್‌ನಲ್ಲಿ ಹಕ್ಕಿ ಹೆಸರಿನ ಪಕ್ಕ ಕೆಂಪು ಗುರುತು ಬಂದ್ರೆ ಏನು ಮಾಡೋದು

ಆಗಸ್ಟ್ ಮೊದಲ ವಾರ, ಭಾನುವಾರ ಬೆಳಿಗ್ಗೆ, ಇನ್ನೂ ಕಾಫಿ ಕುಡೀತಾ ಇದ್ದೆ, ನಮ್ಮ ಪಕ್ಕದ ರೋಡಿನ ಹುಡುಗ ಫೋನ್ ಮಾಡಿದ. ಬರ್ಡಿಂಗ್ ಶುರು ಮಾಡಿ ಆರು ತಿಂಗಳಾಗಿರಬೇಕು ಅಷ್ಟೇ. "ಅಣ್ಣಾ, ನನ್ನ ಹಕ್ಕಿನ ಇ-ಬರ್ಡ್‌ನವ್ರು ರಿಜೆಕ್ಟ್ ಮಾಡ್ಬಿಟ್ರು" ಅಂತ ಗಾಬರಿ. ಇ-ಬರ್ಡ್ ಅಂದ್ರೆ ಎಲ್ಲಿ, ಯಾವತ್ತು, ಯಾವ ಹಕ್ಕಿ, ಎಷ್ಟು ನೋಡಿದ್ವಿ ಅಂತ ನಮ್ಮಂಥೋರು ಲಿಸ್ಟ್ ಹಾಕೋ ವೆಬ್‌ಸೈಟು, ಆ್ಯಪು. ಸ್ಕ್ರೀನ್‌ಶಾಟ್ ತರಿಸ್ಕೊಂಡು ನೋಡಿದ್ರೆ ರಿಜೆಕ್ಟೂ ಇಲ್ಲ ಮಣ್ಣೂ ಇಲ್ಲ, ಕೆರೆ ಕೋಡಿ ಹತ್ರ ಒಂದು ಗ್ರೇ ವ್ಯಾಗ್‌ಟೇಲ್ ನೋಡಿದಾನೆ, ಅದೇ ನಾವು ಕುಂಡೆಕುಸ್ಕ ಅಂತೀವಲ್ಲ ಬಾಲ ಕುಣಿಸ್ಕೊಂಡು ಓಡಾಡೋದು, ಅದರ ಬೂದು ಬಣ್ಣದ ಜಾತಿ. ಹೆಸರಿನ ಪಕ್ಕ ಕೆಂಪು ಗುರುತು ಬಂದಿದೆ, ಕೆಳಗೆ ವಿವರ ಬರೀರಿ ಅಂತ ಒಂದು ಖಾಲಿ ಡಬ್ಬ ತೆರೆದುಕೊಂಡಿದೆ. ಈ ಹುಡುಗ ಹೆದರ್ಕೊಂಡು ಹಕ್ಕಿನೇ ಡಿಲೀಟ್ ಮಾಡಿ ಸಬ್ಮಿಟ್ ಮಾಡೋದ್ರಲ್ಲಿದ್ದ.

ಇದೇ ಪ್ರಶ್ನೆ ನಂಗೆ ವರ್ಷಕ್ಕೆ ಹತ್ತು ಸಲನಾದ್ರೂ ಬರುತ್ತೆ, ಜಾಸ್ತಿ ಬರೋದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಮತ್ತೆ ಏಪ್ರಿಲ್-ಮೇನಲ್ಲಿ, ಅಂದ್ರೆ ವಲಸೆ ಹಕ್ಕಿ ಬರೋ ಹೊತ್ತು, ಹೋಗೋ ಹೊತ್ತು. ಅದಕ್ಕೆ ಒಂದೇ ಸಲ ಬರೆದಿಡ್ತೀನಿ.

ಮೊದ್ಲು ತಲೇಲಿ ಇಟ್ಕೊಳ್ಳಿ, ಆ ಕೆಂಪು ಗುರುತು ಹಾಕಿದ್ದು ಮನುಷ್ಯ ಅಲ್ಲ. ಹಾಕಿದ್ದು ಒಂದು ಫಿಲ್ಟರ್. ಅದು ನಿಮ್ಮ ಹಕ್ಕಿ ನೋಡಿಲ್ಲ, ನಿಮ್ಮ ಫೋಟೋ ನೋಡಿಲ್ಲ, ನೀವು 20 ವರ್ಷದಿಂದ ಹಕ್ಕಿ ನೋಡ್ತಿದೀರೋ ನಿನ್ನೆ ಬೈನಾಕ್ಯುಲರ್ ತಗೊಂಡ್ರೋ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಕಾಣೋದು ನಾಲ್ಕೇ: ಜಾತಿಯ ಹೆಸರು, ಎಷ್ಟು, ಯಾವ ತಾರೀಕು, ಯಾವ ಜಾಗ. ಸಲೀಂ ಅಲಿ ಬಂದು ಎಂಟ್ರಿ ಮಾಡಿದ್ರೂ ಜೂನ್ ತಿಂಗಳಲ್ಲಿ ಗ್ರೇ ವ್ಯಾಗ್‌ಟೇಲ್ ಅಂದ್ರೆ ಕೆಂಪು ಗುರುತು ಬಂದೇ ಬರುತ್ತೆ.

ಒಳಗೆ ಹೆಂಗೆ ಕೆಲಸ ಮಾಡುತ್ತೆ ಅಂದ್ರೆ, ಒಂದೊಂದು ಪ್ರದೇಶಕ್ಕೆ ಒಂದೊಂದು ಫಿಲ್ಟರ್ ಇರುತ್ತೆ, ಆ ಪ್ರದೇಶ ಒಂದು ಜಿಲ್ಲೆ ಇರಬಹುದು, ನಾಲ್ಕೈದು ಜಿಲ್ಲೆ ಸೇರಿರಬಹುದು, ಇಡೀ ರಾಜ್ಯನೇ ಇರಬಹುದು. ದೊಡ್ಡ ಕೋಷ್ಟಕ ಅಂದ್ಕೊಳ್ಳಿ. ಎಡಗಡೆ ಹಕ್ಕಿಗಳ ಹೆಸರು ಸಾಲಾಗಿ, ಮೇಲ್ಗಡೆ ವರ್ಷದ ತಾರೀಕುಗಳು, ಒಂದೊಂದು ಮನೇಲೂ ಒಂದೊಂದು ನಂಬರ್. ಆ ನಂಬರ್ ಏನಂದ್ರೆ "ಈ ಟೈಮಲ್ಲಿ ಈ ಹಕ್ಕಿನ ಒಂದು ಲಿಸ್ಟ್‌ನಲ್ಲಿ ಇಷ್ಟರವರೆಗೂ ನೋಡಿದ್ರೆ ನಾನು ಏನೂ ಕೇಳಲ್ಲ" ಅಂತ. ಅದಕ್ಕಿಂತ ಒಂದು ಜಾಸ್ತಿ ಆದ್ರೂ ಕೇಳುತ್ತೆ. ನಂಬರ್ ಸೊನ್ನೆ ಇದ್ರೆ ಒಂದೇ ಒಂದು ನೋಡಿದ್ರೂ ಕೇಳುತ್ತೆ.

ಗ್ರೇ ವ್ಯಾಗ್‌ಟೇಲ್ ಸಾಲನ್ನೇ ತಗೊಳ್ಳಿ (ಈ ನಂಬರ್‌ಗಳು ಅರ್ಥ ಆಗ್ಲಿ ಅಂತ ನಾನೇ ಹಾಕಿದ್ದು, ನಿಜವಾದ ಫಿಲ್ಟರಿನದ್ದಲ್ಲ). ಮೇ 1ರಿಂದ ಆಗಸ್ಟ್ 14ರವರೆಗೆ 0, ಆಗಸ್ಟ್ 15ರಿಂದ 31ರವರೆಗೆ 2, ಸೆಪ್ಟೆಂಬರಿಂದ ಮಾರ್ಚ್ ಕೊನೆವರೆಗೆ 10, ಏಪ್ರಿಲ್‌ನಲ್ಲಿ 4. ಆ ಹುಡುಗ ನೋಡಿದ್ದು ಆಗಸ್ಟ್ 4ಕ್ಕೆ, ಒಂದು ಹಕ್ಕಿ. ಒಂದು ಅನ್ನೋದು ಸೊನ್ನೆಗಿಂತ ದೊಡ್ಡದು, ಕೆಂಪು ಗುರುತು, ಕಥೆ ಮುಗೀತು. ಅದೇ ಹಕ್ಕಿ, ಅದೇ ಕಲ್ಲಿನ ಮೇಲೆ, ಹದಿನೈದು ದಿನ ಬಿಟ್ಟು ನೋಡಿದ್ರೆ ಯಾರೂ ಏನೂ ಕೇಳ್ತಿರ್ಲಿಲ್ಲ. ಪಕ್ಕದಲ್ಲೇ ಓಡಾಡ್ತಿರೋ ಕಪ್ಪು-ಬಿಳುಪು ಕುಂಡೆಕುಸ್ಕ, ವೈಟ್-ಬ್ರೌಡ್ ವ್ಯಾಗ್‌ಟೇಲ್, ಅದು ಇಲ್ಲೇ ಹುಟ್ಟಿ ಇಲ್ಲೇ ಸಾಯೋದು, ಅದರ ಸಾಲಲ್ಲಿ ವರ್ಷಪೂರ್ತಿ ಸೊನ್ನೆ ಅನ್ನೋದೇ ಇರಲ್ಲ.

ಈ ನಂಬರ್‌ಗಳನ್ನ ಕೂತು ಹಾಕೋದು ಮಾತ್ರ ಮನುಷ್ಯರೇ. ಆಯಾ ಪ್ರದೇಶ ಚೆನ್ನಾಗಿ ಗೊತ್ತಿರೋ ರಿವ್ಯೂವರ್‌ಗಳು, ಎಲ್ಲಾ ವಾಲಂಟಿಯರ್‌ಗಳು, ಸಂಬಳ ಗಿಂಬಳ ಏನಿಲ್ಲ. ಹಳೇ ಡೇಟಾ ನೋಡ್ತಾರೆ, ತಮ್ಮ ಅನುಭವ ಸೇರಿಸ್ತಾರೆ, ಒಂದು ಅಂದಾಜು ಮಾಡಿ ಹಾಕ್ತಾರೆ. ಹೊಸ ಡೇಟಾ ಬಂದ್ಹಂಗೆ ಬದಲಾಯಿಸ್ತಾರೆ. ಇ-ಬರ್ಡ್ 2002ರಲ್ಲಿ ಅಮೆರಿಕದ ಕಾರ್ನೆಲ್ ಲ್ಯಾಬ್ ಮತ್ತೆ ಆಡುಬಾನ್ ಸೊಸೈಟಿಯವರು ಶುರು ಮಾಡಿದ್ದು, ಇಡೀ ಪ್ರಪಂಚಕ್ಕೆ ತೆರೆದಿದ್ದು 2010ರಲ್ಲಿ, ನಮ್ಮಲ್ಲಿ ಜನ ಗುಂಪಾಗಿ ಬಳಸೋಕೆ ಶುರು ಮಾಡಿದ್ದು ಅದಾದ ಮೇಲೆ. ಹಂಗಾಗಿ ಹಕ್ಕಿ ನೋಡೋರು ಕಡಿಮೆ ಇರೋ ಜಿಲ್ಲೆಗಳಲ್ಲಿ ಫಿಲ್ಟರ್ ಸ್ವಲ್ಪ ದಪ್ಪ ಅಂದಾಜಿನದ್ದೇ ಇರುತ್ತೆ, ಅದು ತಪ್ಪಲ್ಲ, ಬೇರೆ ದಾರಿ ಇಲ್ಲ.

ಒಂದೇ ಹಕ್ಕಿಗೆ ಊರಿಂದ ಊರಿಗೆ ಫಿಲ್ಟರ್ ಎಷ್ಟು ಬೇರೆ ಆಗ್ಬೇಕಾಗುತ್ತೆ ಅನ್ನೋದಕ್ಕೆ ಚಾತಕ ಒಳ್ಳೇ ಉದಾಹರಣೆ. ಉತ್ತರ ಭಾರತಕ್ಕೆ, ಮಧ್ಯ ಭಾರತಕ್ಕೆ ಅದು ಮುಂಗಾರಿನ ಜೊತೆ ಬರೋ ಹಕ್ಕಿ, ಆಫ್ರಿಕಾ ಕಡೆಯಿಂದ. ದೆಹಲೀಲಿ ಜನವರಿ ತಿಂಗಳು ಚಾತಕ ಅಂದ್ರೆ ಯಾರಾದ್ರೂ ಹುಬ್ಬೇರಿಸ್ತಾರೆ. ದಕ್ಷಿಣದಲ್ಲಿ ಹಂಗಲ್ಲ, ಒಂದಿಷ್ಟು ಚಾತಕಗಳು ಇಲ್ಲೇ ಇರ್ತಾವೆ. 2007ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಿಂದ ಮೈಗ್ರಂಟ್ ವಾಚ್ ಅಂತ ಒಂದು ಕೆಲಸ ಶುರುವಾಯ್ತು, ವಲಸೆ ಹಕ್ಕಿ ನಿಮ್ಮೂರಿಗೆ ಮೊದ್ಲು ಯಾವತ್ತು ಬಂತು ಅಂತ ಜನರ ಹತ್ರ ಕೇಳೋದು, ಈ ಚಾತಕದ್ದೂ ಕೇಳಿದ್ರು. ಹೋದಸಲ ಯಾವತ್ತು ಬಂತು, ಈ ಸಲ ಯಾವತ್ತು ಬಂತು, ಇಷ್ಟೇ ಪ್ರಶ್ನೆ. ಫಿಲ್ಟರಿನ ಸೊನ್ನೆ ಎಲ್ಲಿ ಮುಗೀಬೇಕು, ಎರಡು ಎಲ್ಲಿಂದ ಶುರುವಾಗ್ಬೇಕು ಅನ್ನೋದು ಇಂಥ ತಾರೀಕುಗಳಿಂದಲೇ ಗೊತ್ತಾಗೋದು.

ಸರಿ, ಈಗ ಮಾಡೋದೇನು. ಕೆಂಪು ಗುರುತು ಬಂದ ತಕ್ಷಣ ವಿವರ ಬರೆಯೋಕೆ ಹೋಗ್ಬೇಡಿ. ಫಿಲ್ಟರಿಗೆ ಕಾಣೋ ಆ ನಾಲ್ಕನ್ನ ಮೊದ್ಲು ನೀವೇ ನೋಡ್ಕೊಳ್ಳಿ. ನನ್ನ ಲೆಕ್ಕದಲ್ಲಿ ಅರ್ಧಕ್ಕರ್ಧ ಅಲ್ಲೇ ಬಗೆಹರಿಯುತ್ತೆ.

ಹೆಸರು. ಹೆಸರಿನ ತಪ್ಪಿಗೆ ನನ್ನದೇ ಕಥೆ ಹೇಳ್ತೀನಿ, ಮೊಟ್ಟಮೊದಲ ಸಲ ನಾನು ಲಿಸ್ಟ್ ಹಾಕಿದಾಗ ಹೊನ್ನಕ್ಕಿಗೆ ಗೋಲ್ಡನ್ ಓರಿಯೋಲ್ ಅಂತ ಟೈಪ್ ಮಾಡಿದೆ, ಮೇಲೆ ಎರಡು ಹೆಸರು ಬಂತು, ಒಂದು ಇಂಡಿಯನ್ ಒಂದು ಯುರೇಷಿಯನ್. ನನ್ನ ಹತ್ರ ಇದ್ದ ಹಳೇ ಪುಸ್ತಕದಲ್ಲಿ ಯುರೇಷಿಯನ್ ಅಂತಲೇ ಇತ್ತು, ಅದನ್ನೇ ಒತ್ತಿದೆ. ಪುಸ್ತಕ ಬಂದ ಮೇಲೆ ಎರಡನ್ನೂ ಬೇರೆ ಬೇರೆ ಜಾತಿ ಮಾಡಿದಾರೆ ಅನ್ನೋದು ನಂಗೆಲ್ಲಿ ಗೊತ್ತು. ನಮ್ಮ ಮನೆ ಮುಂದಿನ ಮಾವಿನ ಮರದಲ್ಲಿ ದಿನಾ ಕೂಗೋ ಹಕ್ಕಿಗೆ ಕೆಂಪು ಗುರುತು! ಇದೇ ಥರ ಲಿಟಲ್ ಕಾರ್ಮೊರಂಟ್ ಒತ್ತೋ ಕಡೆ ಗ್ರೇಟ್ ಕಾರ್ಮೊರಂಟ್, ಕಾಮನ್ ಹಾಕ್-ಕುಕೂ ಬದಲು ಕಾಮನ್ ಕುಕೂ. ಹೆಬ್ಬೆರಳು ದಪ್ಪ ಇರೋರಿಗೆ ಇದು ತಪ್ಪಿದ್ದಲ್ಲ.

ತಾರೀಕು. ಹಳೇ ಡೈರಿಯಿಂದ ಲಿಸ್ಟ್ ಹಾಕೋರು ಇಲ್ಲಿ ಎಡವೋದು ಜಾಸ್ತಿ. ಡೈರೀಲಿ 5-11 ಅಂತ ಬರೆದಿರ್ತೀರಿ, ನವೆಂಬರ್ 5. ಎಂಟ್ರಿ ಮಾಡುವಾಗ ಅದು ಮೇ 11 ಆಗ್ಬಿಟ್ರೆ ಚಳಿಗಾಲದ ಅಷ್ಟೂ ಹಕ್ಕಿಗಳು ಬೇಸಿಗೇಲಿ ಬಂದು ಕೂರ್ತವೆ. ಇದರ ಲಕ್ಷಣ ಏನಂದ್ರೆ ಒಂದು ಹಕ್ಕಿಗಲ್ಲ, ಒಂದೇ ಲಿಸ್ಟ್‌ನಲ್ಲಿ ಆರೇಳು ಹಕ್ಕಿಗೆ ಒಟ್ಟಿಗೆ ಗುರುತು ಬರುತ್ತೆ. ಹಂಗೆ ಬಂದ್ರೆ ಹಕ್ಕಿ ಬಿಡಿ, ತಾರೀಕು ನೋಡಿ. ಕ್ಯಾಮೆರಾದ ಗಡಿಯಾರ ಸರಿ ಇಲ್ದೆ ಫೋಟೋ ತಾರೀಕು ನಂಬಿ ಹಾಕೋರದ್ದೂ ಇದೇ ಪಾಡು.

ಜಾಗ. ದಾಂಡೇಲಿಗೆ ಹೋಗಿ ಬಂದ ನನ್ನ ಸ್ನೇಹಿತರೊಬ್ಬರು ಅಲ್ಲಿ ಪೇಪರಲ್ಲಿ ಬರ್ಕೊಂಡು, ಮನೆಗೆ ಬಂದು ಸೋಫಾ ಮೇಲೆ ಕೂತು ಮೊಬೈಲ್‌ನಲ್ಲಿ ಹಾಕಿದಾರೆ, ಮೊಬೈಲ್ ತಾನಿರೋ ಜಾಗನೇ ತಗೊಂಡಿದೆ. ಜಯನಗರದಲ್ಲಿ 14 ಮಲಬಾರ್ ಪೈಡ್ ಹಾರ್ನ್‌ಬಿಲ್! ಮಂಗಟ್ಟೆಗಳು ನಾಲ್ಕನೇ ಬ್ಲಾಕಿಗೆ ಶಾಪಿಂಗಿಗೆ ಬಂದ ಹಾಗೆ. ಪಿನ್ ಸರಿ ಮಾಡಿದ ಮೇಲೆ ಗುರುತು ತಾನಾಗೇ ಹೋಯ್ತು, ಯಾಕಂದ್ರೆ ಜಾಗ ಬದಲಾದ್ರೆ ಫಿಲ್ಟರೂ ಬದಲಾಗುತ್ತೆ.

ಎಷ್ಟು. 22 ಅನ್ನೋದು 222 ಆಗಿರಬಹುದು, ಅಷ್ಟೇ. ಆದ್ರೆ ನಿಜವಾಗ್ಲೂ 222 ಇದ್ರೆ ಫಿಲ್ಟರಿಗೆ ಹೆದರಿ ಕಡಿಮೆ ಮಾಡ್ಬೇಡಿ ಮಾರಾಯ್ರೆ. ಕೆಲವರು ಮಾಡ್ತಾರೆ, 60 ಹಾಕಿದ್ರೆ ಕೇಳುತ್ತೆ, 50 ಹಾಕಿದ್ರೆ ಕೇಳಲ್ಲ, ಹಂಗಾಗಿ 50 ಅಂತ. ಇನ್ನು ಕೆಲವರು ನಂಬರ್ ಬದಲು ಎಕ್ಸ್ ಹಾಕಿ ಜಾರ್ಕೊಳ್ತಾರೆ, ಎಕ್ಸ್ ಅಂದ್ರೆ ಇತ್ತು ಆದ್ರೆ ಎಣಿಸಿಲ್ಲ ಅಂತ. ಅಷ್ಟು ಬೆಳಿಗ್ಗೆ ಎದ್ದು ಹೋಗಿ ಎಣಿಸಿದ್ದು ನೀರಲ್ಲಿ ಹೋಮ. ಗುಲಾಬಿ ಕಬ್ಬಕ್ಕಿ, ರೋಸಿ ಸ್ಟಾರ್ಲಿಂಗ್, ಸಂಜೆ ಹೊತ್ತು ಸಾವಿರಗಟ್ಟಲೆ ಬಂದು ಇಳಿಯೋದು ಉಂಟು, ಗದಗ ಜಿಲ್ಲೆ ಮಾಗಡಿ ಕೆರೇಲಿ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಸಾವಿರಗಟ್ಟಲೆ ಇರ್ತವೆ. ಹಂಗಿದ್ದಾಗ ಹೆಂಗೆ ಎಣಿಸಿದ್ರಿ ಅಂತ ಒಂದು ಸಾಲು ಬರೆದ್ರೆ ಸಾಕು: "ಮೊದಲು 100 ಹಕ್ಕಿ ಒಂದೊಂದಾಗಿ ಎಣಿಸಿ, ಆ ಗುಂಪಿನ ಅಗಲದ ಲೆಕ್ಕದಲ್ಲಿ ಉಳಿದಿದ್ದು ಅಂದಾಜು ಮಾಡಿದ್ದು, 12 ಅಂಥ ಗುಂಪು ಆಯ್ತು." ಇದಕ್ಕಿಂತ ಜಾಸ್ತಿ ಯಾರೂ ಕೇಳಲ್ಲ.

ನಾಲ್ಕೂ ಸರಿ ಇದೆ, ಆದ್ರೂ ಕೆಂಪು ಗುರುತು ಇದೆ ಅಂದ್ರೆ ಆಗ ನಿಜವಾದ ವಿಷಯ ಶುರು. ಡಬ್ಬದಲ್ಲಿ ಏನು ಬರೀಬೇಕು?

ಜನ ಸಾಮಾನ್ಯವಾಗಿ ಬರೆಯೋದು ಹಿಂಗೆ: "ಕ್ಲಿಯರ್ ಆಗಿ ನೋಡಿದ್ವಿ." "ಫೋಟೋ ಇದೆ." "100% ಶೂರ್." "ಮರ್ಲಿನ್ ಹೇಳ್ತು." ಇದ್ಯಾವುದರಲ್ಲೂ ಹಕ್ಕಿನೇ ಇಲ್ಲ, ನೀವಷ್ಟೇ ಇದೀರಿ. ಹಕ್ಕಿ ಗುರುತಿಸೋ ಈ ಮರ್ಲಿನ್ ಆ್ಯಪ್ ಬಗ್ಗೆ ಒಂದು ಮಾತು, ಅದು ನಂಗೂ ಇಷ್ಟನೇ, ಆದ್ರೆ ಅದು ಹೆಸರು ಸೂಚಿಸುವಾಗ ನಿಮ್ಮ ಜಾಗ, ತಾರೀಕಿಗೆ ಯಾವ ಹಕ್ಕಿ ಇರಬಹುದು ಅಂತ ನೋಡೋದು ಇದೇ ಇ-ಬರ್ಡ್ ಡೇಟಾದಿಂದ. ಆಮೇಲೆ ಅದೇ ಇ-ಬರ್ಡ್‌ಗೆ ಬಂದು ಮರ್ಲಿನ್ ಹೇಳ್ತು ಅಂದ್ರೆ ಕಳ್ಳನ ಸಾಕ್ಷಿಗೆ ಅವನ ತಮ್ಮನ್ನ ಕರ್ಕೊಂಡು ಬಂದ ಹಾಗೆ.

ನಮ್ಮ ಹುಡುಗನಿಗೆ ಫೋನಲ್ಲೇ ಒಂದೊಂದೇ ಕೇಳ್ತಾ ಹೋದೆ. ಎಲ್ಲಿ ಕೂತಿತ್ತೋ? "ಕೋಡಿ ನೀರು ಹರೀತಿತ್ತಲ್ಲ ಅಣ್ಣ, ಆ ಕಲ್ಲಿನ ಮೇಲೆ." ಎಷ್ಟು ದೂರ? "ನಮ್ಮನೆ ಗೇಟಿಂದ ಎದುರು ಮನೆ ಗೇಟಷ್ಟು." ಹೊಟ್ಟೆ? "ಹಳದಿ, ಬಾಲದ ಬುಡದಲ್ಲಿ ಇನ್ನೂ ಜಾಸ್ತಿ ಹಳದಿ." ಬೆನ್ನು? "ಬೂದು." ಕಾಲು ಯಾವ ಬಣ್ಣ? ಇಲ್ಲಿ ಸ್ವಲ್ಪ ಹೊತ್ತು ಸುಮ್ನಾದ. "ಕಪ್ಪಂತೂ ಅಲ್ಲ ಅಣ್ಣ, ಒಂಥರಾ ಚರ್ಮದ ಬಣ್ಣ." ಹಾರಿದಾಗ ರೆಕ್ಕೇಲಿ ಏನಾದ್ರೂ ಕಂಡ್ತಾ? "ಬಿಳಿ ಗೀರು ಇತ್ತು." ಅಷ್ಟೂ ಅವನಿಗೆ ಗೊತ್ತಿತ್ತು, ಬರೀಬೇಕು ಅನ್ನೋದು ಗೊತ್ತಿರ್ಲಿಲ್ಲ ಅಷ್ಟೇ. ಕೊನೆಗೆ ಅವನು ಬರೆದಿದ್ದು ಇದು:

"ಕೆರೆ ಕೋಡಿಯ ಹರಿಯೋ ನೀರಿನ ಕಲ್ಲಿನ ಮೇಲೆ ಒಂದೇ ಹಕ್ಕಿ, ಬೆಳಿಗ್ಗೆ 7:20, ಸುಮಾರು 10 ಮೀಟರ್ ದೂರ, ಬೆಳಕು ನಮ್ಮ ಬೆನ್ನ ಹಿಂದೆ. ಬೆನ್ನು ಬೂದು, ಹೊಟ್ಟೆ ತಿಳಿ ಹಳದಿ, ಬಾಲದ ಬುಡ ಗಾಢ ಹಳದಿ. ಬಾಲ ತುಂಬಾ ಉದ್ದ, ಬಿಡದೆ ಮೇಲೆ ಕೆಳಗೆ ಆಡಿಸ್ತಿತ್ತು. ಕಾಲು ಕಪ್ಪಲ್ಲ, ಚರ್ಮದ ಬಣ್ಣ. ಹಾರಿದಾಗ ರೆಕ್ಕೆಯಲ್ಲಿ ಬಿಳಿ ಪಟ್ಟಿ. ಹಳದಿ ಕುಂಡೆಕುಸ್ಕ ಅಲ್ಲ ಅಂತ ಅಂದ್ಕೊಂಡಿದ್ದು ಯಾಕಂದ್ರೆ ಅದರ ಕಾಲು ಕಪ್ಪು, ಬಾಲ ಇಷ್ಟು ಉದ್ದ ಇರಲ್ಲ."

ಕೊನೇ ವಾಕ್ಯ ಬಂಗಾರ. ಅದನ್ನೇ ಹೋಲೋ ಬೇರೆ ಹಕ್ಕಿ ಯಾವುದು, ಅದು ಯಾಕಲ್ಲ, ಇದನ್ನ ಬರೆದ್ರೆ ರಿವ್ಯೂವರ್ ಕೇಳೋ ಮೊದಲ ಪ್ರಶ್ನೆಗೆ ಅವರು ಕೇಳೋ ಮುಂಚೆನೇ ಉತ್ತರ ಸಿಕ್ಕಿರುತ್ತೆ. ಇಂಗ್ಲಿಷ್‌ನಲ್ಲಿ ಬರೀಬೇಕು ಅಂತೇನಿಲ್ಲ, ಆದ್ರೆ ಓದೋರಿಗೆ ಕನ್ನಡ ಬರದೇ ಇರಬಹುದು, ಹಂಗಾಗಿ ಮುರುಕು ಇಂಗ್ಲಿಷ್ ಆದ್ರೂ ಜೊತೆಗೆ ಹಾಕಿದ್ರೆ ಕೆಲಸ ಬೇಗ ಆಗುತ್ತೆ. ಗ್ರಾಮರ್‌ಗೆ ಯಾರೂ ಮಾರ್ಕ್ಸ್ ಕೊಡಲ್ಲ. ಮತ್ತೆ ನೋಡಿದ್ದನ್ನ ಬರೀರಿ, ಪುಸ್ತಕ ತೆಗೆದು ಅದರಲ್ಲಿರೋದನ್ನ ನಕಲು ಹೊಡೀಬೇಡಿ, ಓದೋರಿಗೆ ಗೊತ್ತಾಗ್ಬಿಡುತ್ತೆ, ಕಾಲು ಕಾಣಿಸ್ದೇ ಇದ್ರೆ ಕಾಲು ಕಾಣಿಸ್ಲಿಲ್ಲ ಅಂತಲೇ ಬರೀರಿ.

ಫೋಟೋ ಇದ್ರೆ ಲಿಸ್ಟ್‌ಗೇ ಸೇರಿಸಿ, ವೆಬ್‌ಸೈಟ್‌ನಲ್ಲಿ ನಿಮ್ಮ ಲಿಸ್ಟ್ ತೆಗೆದ್ರೆ ಮೀಡಿಯಾ ಸೇರಿಸೋ ಬಟನ್ ಇರುತ್ತೆ. ಮಸುಕು ಪರವಾಗಿಲ್ಲ, ಕ್ಯಾಮೆರಾ ಹಿಂದಿನ ಸ್ಕ್ರೀನನ್ನ ಮೊಬೈಲ್‌ನಲ್ಲಿ ತೆಗೆದಿದ್ದೂ ಪರವಾಗಿಲ್ಲ, ಸಾಕ್ಷಿಗೆ ಇದೇನು ಕ್ಯಾಲೆಂಡರ್ ಫೋಟೋ ಅಲ್ಲ. ವಾಟ್ಸಾಪ್ ಗುಂಪಲ್ಲಿ ಹಾಕಿ 40 ಥಂಬ್ಸ್ ಅಪ್ ಬಂತು ಅನ್ನೋದು ರಿವ್ಯೂವರ್‌ಗೆ ಕಾಣಲ್ಲ. ಕೂಗು ರೆಕಾರ್ಡ್ ಮಾಡಿದ್ರೆ ಅದನ್ನೂ ಹಾಕಿ, ಎಲೆ ಮರೇಲಿ ಓಡಾಡೋ ಉಲಿಯಕ್ಕಿಗಳಿಗೆ (ವಾರ್ಬ್ಲರ್) ಫೋಟೋಗಿಂತ ಕೂಗೇ ಎಷ್ಟೋ ಸಲ ಒಳ್ಳೇ ಸಾಕ್ಷಿ. ಐದಾರು ಜನ ಒಟ್ಟಿಗೆ ಹೋಗಿ ನೋಡಿದ್ರೆ ಒಬ್ಬರು ಲಿಸ್ಟ್ ಮಾಡಿ ಉಳಿದವರಿಗೆ ಶೇರ್ ಮಾಡಿ, ಆರು ಜನ ಆರು ಲಿಸ್ಟ್ ಹಾಕಿದ್ರೆ ಒಂದು ಹಕ್ಕಿ ಆರು ಆಗಿ ಕೂರುತ್ತೆ. ಗೂಡು ಎಲ್ಲಿದೆ, ಯಾವ ಮರ ಅನ್ನೋದನ್ನ ಮಾತ್ರ ಬರೀಬೇಡಿ, ಅಲ್ಲಿ ಬರೆದಿದ್ದು ಎಲ್ಲರಿಗೂ ಕಾಣುತ್ತೆ.

ಸಬ್ಮಿಟ್ ಆದ ಮೇಲೆ ಆ ಒಂದು ಹಕ್ಕಿ ರಿವ್ಯೂ ಸಾಲಿಗೆ ಹೋಗುತ್ತೆ, ಉಳಿದ ಲಿಸ್ಟ್‌ಗೆ ಏನೂ ಆಗಲ್ಲ. ನಿಮ್ಮ ಸ್ವಂತ ಲೆಕ್ಕದಲ್ಲಿ ಆ ಹಕ್ಕಿ ಇದ್ದೇ ಇರುತ್ತೆ, ಕನ್ಫರ್ಮ್ ಆಗೋವರೆಗೆ ಎಲ್ಲರಿಗೂ ಕಾಣೋ ಮ್ಯಾಪು, ಚಾರ್ಟುಗಳಲ್ಲಿ ಬರಲ್ಲ ಅಷ್ಟೇ. ವಿವರ ಸಾಕಾದ್ರೆ ಕನ್ಫರ್ಮ್ ಮಾಡ್ತಾರೆ, ನಿಮಗೆ ಗೊತ್ತೂ ಆಗದೇ ಇರಬಹುದು. ಸಾಲದೇ ಹೋದ್ರೆ ಈಮೇಲ್ ಬರುತ್ತೆ, ಇನ್ನೊಂದು ಸ್ವಲ್ಪ ಹೇಳ್ತೀರಾ, ಫೋಟೋ ಇದೆಯಾ ಅಂತ. ಇಲ್ಲಿ ಜನಕ್ಕೆ ಸಿಟ್ಟು ಬರೋದು ನೋಡಿದೀನಿ, ನಂಗೂ ಒಂದ್ಸಲ ಬಂದಿತ್ತು, ನಂಬಲ್ವಾ ಅಂತ. ಆ ಮೇಲ್‌ಗೆ ಎರಡು ಸಾಲು ಉತ್ತರ ಬರೀರಿ, ಇಲ್ಲ ಲಿಸ್ಟ್‌ನಲ್ಲೇ ತಿದ್ದಿ. ಡೌಟ್ ಬಂದ್ರೆ ಜಾತಿ ಹೆಸರು ಬಿಟ್ಟು ಗುಂಪಿನ ಹೆಸರಿಗೆ ಇಳಿಸಬಹುದು, ಯಾವುದೋ ಒಂದು ಉಲಿಯಕ್ಕಿ ಅನ್ನೋ ಥರ ಎಂಟ್ರಿಗಳೂ ಇರ್ತವೆ, ಅದರಲ್ಲಿ ನಾಚಿಕೆ ಏನಿಲ್ಲ, ಪಳಗಿದವರ ಲಿಸ್ಟ್‌ನಲ್ಲೇ ಅಂಥವು ಜಾಸ್ತಿ ಇರೋದು.

ವಿವರ ಎಲ್ಲ ಚೆನ್ನಾಗಿದ್ದೂ ಅನ್‌ಕನ್ಫರ್ಮ್ಡ್ ಅಂತ ಆಗಬಹುದು. ಅದರ ಅರ್ಥ ನೀವು ಸುಳ್ಳು ಹೇಳಿದ್ರಿ ಅಂತಲ್ಲ, ಇಷ್ಟು ಸಾಕ್ಷಿಗೆ ಇಷ್ಟು ಅಪರೂಪದ ದಾಖಲೆ ಒಪ್ಪೋಕೆ ಆಗಲ್ಲ ಅಂತ.

ಗುರುತು ಬರೋ ಮುಂಚೆನೇ ಗೊತ್ತಾಗ್ಬೇಕು ಅಂದ್ರೆ ಹೊರಡೋ ಹಿಂದಿನ ರಾತ್ರಿ ಆ ಜಿಲ್ಲೆಯ ಬಾರ್ ಚಾರ್ಟ್ ಒಂದು ಐದು ನಿಮಿಷ ನೋಡಿ, ಇ-ಬರ್ಡ್ ವೆಬ್‌ಸೈಟ್‌ನ ಎಕ್ಸ್‌ಪ್ಲೋರ್ ಒಳಗಿದೆ. ಒಂದೊಂದು ತಿಂಗಳನ್ನ ನಾಲ್ಕು ಭಾಗ ಮಾಡಿ ಹಸಿರು ಪಟ್ಟಿ ಎಳೆದಿರ್ತಾರೆ. ಪಟ್ಟಿ ಎಲ್ಲಿ ಸಣ್ಣದಾಗ್ತಾ ಮಾಯ ಆಗುತ್ತೋ ಅಲ್ಲೇ ಫಿಲ್ಟರಿನ ಅಂಚೂ ಇರೋ ಸಾಧ್ಯತೆ ಜಾಸ್ತಿ. ಪಟ್ಟಿ ದಪ್ಪ ಇದ್ರೆ ಹಕ್ಕಿ ಸಂಖ್ಯೆ ಜಾಸ್ತಿ ಅಂತ ಸುಮಾರು ಜನ ತಿಳ್ಕೊಂಡಿದಾರೆ, ಅಲ್ಲ, ಎಷ್ಟು ಲಿಸ್ಟ್‌ಗಳಲ್ಲಿ ಆ ಹಕ್ಕಿ ಕಾಣಿಸ್ತು ಅನ್ನೋದರ ಲೆಕ್ಕ ಅದು. ಆ ವಾರ ಪಟ್ಟಿ ಇಲ್ಲದ ಹಕ್ಕಿ ಎದುರಿಗೆ ಬಂದ್ರೆ ಅಲ್ಲೇ ನಿಂತು ಇನ್ನೊಂದು ಹತ್ತು ನಿಮಿಷ ನೋಡ್ತೀರಿ, ಕಾಲಿನ ಬಣ್ಣ ನೋಡ್ಕೊಳ್ತೀರಿ. ಮನೆಗೆ ಬಂದ ಮೇಲೆ ಕಾಲಿನ ಬಣ್ಣ ಜ್ಞಾಪಿಸ್ಕೊಳ್ಳೋದು ಕಷ್ಟ.

ಇಷ್ಟೆಲ್ಲಾ ಆದ ಮೇಲೂ ಫಿಲ್ಟರಿಗೆ ಕಣ್ಣಿಗೆ ಬೀಳದ್ದು ಬಹಳ ಇದೆ, ನನ್ನ ಪ್ರಕಾರ ಕೆಂಪು ಗುರುತಿಗಿಂತ ಅದರ ಬಗ್ಗೆ ಜಾಸ್ತಿ ತಲೆ ಕೆಡಿಸ್ಕೋಬೇಕು. ಡಿಸೆಂಬರ್‌ನಲ್ಲಿ ಲಾಲ್‌ಬಾಗ್‌ಗೆ ಹೋಗಿ ಯಾವುದೋ ಸಣ್ಣ ಹಸಿರು ಹಕ್ಕಿ ನೋಡಿ ಗ್ರೀನಿಶ್ ವಾರ್ಬ್ಲರ್ ಅಂತ ಹಾಕಿದ್ರೆ ಫಿಲ್ಟರ್ ತುಟಿ ಪಿಟಕ್ ಅನ್ನಲ್ಲ, ಆ ತಿಂಗಳು ಅದು ಇರೋದೇ. ನಿಮ್ಮ ಹಕ್ಕಿ ನಿಜವಾಗ್ಲೂ ಬೇರೆ ಏನೋ ಆಗಿದ್ರೆ? ಯಾರೂ ಕೇಳಲ್ಲ, ಯಾರಿಗೂ ಗೊತ್ತಾಗಲ್ಲ, ತಪ್ಪು ಹಂಗೇ ಉಳಿಯುತ್ತೆ. ಇನ್ನೊಂದು ಕಡೆ ಒಂದೇ ಫಿಲ್ಟರಿನಡಿ ಘಟ್ಟವೂ ಬಯಲೂ ಸೇರಿರೋದು. ಚಿಕ್ಕಮಗಳೂರು ಜಿಲ್ಲೆ ನೋಡಿ, ಒಂದು ತುದೀಲಿ ಕುದುರೆಮುಖದ ಮಳೆಕಾಡು, ಇನ್ನೊಂದು ತುದೀಲಿ ಕಡೂರಿನ ಒಣ ಬಯಲು. ಜಿಲ್ಲೆಗೆಲ್ಲ ಒಂದೇ ಫಿಲ್ಟರ್ ಅಂತ ಇಟ್ಕೊಳ್ಳಿ, ಕಾಡಿನ ಹಕ್ಕಿ ಕಡೂರಿನ ಹೊಲದಲ್ಲಿ ಅಂತ ಹಾಕಿದ್ರೂ ಅದು ಸುಮ್ನಿರಬಹುದು. ಅಂಥ ಕಡೆ ಗುರುತು ಬರ್ಲಿ ಬಿಡ್ಲಿ, ನಿಮಗೆ ವಿಚಿತ್ರ ಅನ್ಸಿದ್ರೆ ಎರಡು ಸಾಲು ಬರೆದಿಡಿ.

ಗಾಯ ಆಗಿಯೋ ಇನ್ನೂ ಮರಿ ವಯಸ್ಸಿನವಾಗಿಯೋ ವಾಪಸ್ ಹೋಗದೆ ಬೇಸಿಗೇಲೂ ಇಲ್ಲೇ ಉಳಿಯೋ ನೀರುಹಕ್ಕಿಗಳು ಇರ್ತವೆ, ಜೂನ್‌ನಲ್ಲಿ ಕರಾವಳಿ ಅಳಿವೆಗಳಲ್ಲಿ ಗದ್ದೆಗೊರವದ ಥರದವು ಸಿಗ್ತಾವೆ. ಇವಕ್ಕೆಲ್ಲ ಪ್ರತೀ ಸಲ ಗುರುತು ಬಂದ್ರೂ ಬೇಜಾರು ಮಾಡ್ಕೊಳ್ದೆ ಪ್ರತೀ ಸಲ ಬರೀರಿ, "ಹೋದ ವಾರದ್ದೇ ಹಕ್ಕಿ, ಎಡಗಾಲು ಕುಂಟುತ್ತೆ" ಅಂತಾದ್ರೂ ಸರಿ.

ನಮ್ಮ ಹುಡುಗನ ಹಕ್ಕಿ ಕನ್ಫರ್ಮ್ ಆಗೋಕೆ ಮೂರು ವಾರ ಹಿಡೀತು. ಅಷ್ಟರಲ್ಲಿ ಕೋಡಿ ಹತ್ರ ಇನ್ನೂ ಎರಡು ಬಂದಿದ್ವು, ಅವಕ್ಕೆ ಯಾವ ಗುರುತೂ ಬರ್ಲಿಲ್ಲ, ಅವನಿಗೆ ಅದೇ ಸ್ವಲ್ಪ ಬೇಜಾರು. ಈಗ ಅವನ ತಾತನ ಹಳೇ ನೋಟ್‌ಬುಕ್ ಹಿಡ್ಕೊಂಡು ಕೂತಿದಾನೆ, ಅದರಲ್ಲಿ ಬಿತ್ತನೆ ಲೆಕ್ಕದ ಮಧ್ಯೆ ಮಧ್ಯೆ "ಕುಂಡೆಕುಸ್ಕ ಬಂತು" ಅಂತ ತಾರೀಕು ಹಾಕಿ ಬರೆದಿದೆಯಂತೆ. ಯಾವ ಕುಂಡೆಕುಸ್ಕ ಅಂತ ಮಾತ್ರ ಬರೆದಿಲ್ಲ.